‘ಸಮಾಜಶಾಸ್ತ್ರ ಓದಿ ಏನ್ ಮಾಡ್ತೀಯ?’

ಪ್ರಶ್ನೆ: ಮೇಡಂ, ನಾನು ಅರಸೀಕೆರೆ ಕಡೆಯವಳು, ಬಿ.ಎ. ಕೊನೆಯ ವರ್ಷ. ಸಮಾಜಶಾಸ್ತ್ರದಲ್ಲಿ ಒಳ್ಳೆ ಅಂಕ ಬರುತ್ತಿದೆ. ಎಂ.ಎ. ಮಾಡುತ್ತೇನೆ ಅಂದರೆ ಅಪ್ಪ ‘ಅದನ್ನ ಓದಿ ಏನ್ ಮಾಡ್ತೀಯ, ಬಿ.ಎಡ್. ಮಾಡು’ ಅನ್ನುತ್ತಾರೆ. ನಾನು ಓದಿದ್ದೆಲ್ಲ ಕನ್ನಡ ಮಾಧ್ಯಮ. ಅಲ್ಲಿ ಎಲ್ಲಾ ಇಂಗ್ಲಿಷ್ ಪುಸ್ತಕ ಅಂತ ಸೀನಿಯರ್‌ಗಳು ಹೆದರಿಸುತ್ತಿದ್ದಾರೆ. ಸೇರಲಾ, ಬೇಡವಾ?

ಉತ್ತರ: ಅಂಕ ಬರುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಸೇರಬೇಡಿ. ಹಿಂದಿನ ರಾತ್ರಿ ಗೈಡ್ ಓದಿ ‘ಕುಟುಂಬದ ಲಕ್ಷಣಗಳು’ ಅಂತ ಹತ್ತು ಪಾಯಿಂಟ್ ಬರೆದರೂ ಬಿ.ಎ.ಯಲ್ಲಿ ಅಂಕ ಬರುತ್ತದೆ. ಅಂಥ ಪತ್ರಿಕೆಗಳಿಗೆ ನಾನೇ ಅಂಕ ಹಾಕಿದ್ದೇನೆ, ಬೇರೆ ದಾರಿ ಇರಲಿಲ್ಲ.

ಒಮ್ಮೆ ಎಂ.ಎ. ಮಕ್ಕಳನ್ನು ಸಮೀಕ್ಷೆಗೆ ಅಂತ ಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಫಾರಂನಲ್ಲಿ ‘ಉದ್ಯೋಗ’ ಅಂತ ಒಂದು ಕಾಲಂ. ಬೆರಣಿ ತಟ್ಟುತ್ತಿದ್ದ ಹೆಂಗಸೊಬ್ಬರು ತಲೆ ಎತ್ತದೆ ‘ನಂದೇನಪ್ಪ, ಸುಮ್ನೆ ಮನೇಲಿರೋದು’ ಅಂದರು. ನಮ್ಮ ಹುಡುಗ ‘ಗೃಹಿಣಿ’ ಅಂತ ಬರೆದು ಪುಟ ತಿರುಗಿಸಿದ. ನಾನು ಪಕ್ಕದಲ್ಲಿ ಕೂತು, ಬೆಳಗ್ಗೆ ಎದ್ದ ಮೇಲೆ ಏನೇನು ಮಾಡಿದಿರಿ ಅಂತ ಕೇಳಿದೆ. ನಾಲ್ಕೂವರೆಗೆ ಎದ್ದು ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ಅಡುಗೆ ಮುಗಿಸಿ, ಇನ್ನೊಬ್ಬರ ರಾಗಿ ಹೊಲದಲ್ಲಿ ಮಧ್ಯಾಹ್ನದವರೆಗೆ ಕಳೆ ಕಿತ್ತು ಬಂದಿದ್ದರು. ಡೇರಿಯಲ್ಲಿ ಹೆಸರು ಗಂಡನದು. ಬಟವಾಡೆ ತರುವುದೂ ಗಂಡನೇ. ಆಮೇಲೆ ಆ ಹುಡುಗ ‘ಮೇಡಂ, ಹಾಗಾದ್ರೆ ಬೆಳಗ್ಗೆಯಿಂದ ಬರೆದಿದ್ದೆಲ್ಲ ತಪ್ಪಾ?’ ಅಂದ. ಇಂಥದ್ದು ಕೇಳಿದಾಗ ನಿಮಗೆ ತಲೆ ಓಡುತ್ತದಾ? ಓಡಿದರೆ ಇದು ನಿಮ್ಮ ವಿಷಯ.

ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದು ಇದೇ ಕೆಲಸ ಮಾಡಿದ್ದು. 1970ರಲ್ಲಿ ಅಮೆರಿಕದಲ್ಲಿದ್ದಾಗ ಕಚೇರಿಗೆ ಬೆಂಕಿ ಬಿದ್ದು, ವರ್ಷಗಟ್ಟಲೆ ಕೂತು ವಿಂಗಡಿಸಿಟ್ಟಿದ್ದ ಟಿಪ್ಪಣಿ ಸುಟ್ಟುಹೋಯಿತು. ಮುಖ್ಯವಾಗಿ ನೆನಪಿನ ಮೇಲೆಯೇ ‘ದಿ ರಿಮೆಂಬರ್ಡ್ ವಿಲೇಜ್’ ಪುಸ್ತಕ ಬರೆದರು, 1976ರಲ್ಲಿ ಬಂತು. ‘ಪ್ರಬಲ ಜಾತಿ’ (ಊರಿನಲ್ಲಿ ಜನ, ಜಮೀನು, ಅಧಿಕಾರ ಹೆಚ್ಚಿರುವ ಜಾತಿ) ಅನ್ನುವ ಪದ ನೀವು ಬಾಯಿಪಾಠ ಮಾಡಿದ್ದೀರಲ್ಲ, ಅದು ಹುಟ್ಟಿದ್ದು ನಿಮ್ಮಂಥದೇ ಊರನ್ನು ನೋಡಿ. ಇಂಗ್ಲಿಷ್ ಭಯಕ್ಕೂ ಅವರೇ ಮದ್ದು. ಭಾಷೆ ಸರಳ, ವಿಷಯ ಗೊತ್ತಿರುವುದೇ. ದಿನಕ್ಕೆ ಎರಡೇ ಪುಟ ಓದಿ, ಸಾಕು. ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಈ ಎಂ.ಎ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಕಲಬುರಗಿಯ ಕೇಂದ್ರೀಯ ವಿ.ವಿ.ಯಲ್ಲಿ ಮಾತ್ರ ಪಾಠ, ಪರೀಕ್ಷೆ ಎಲ್ಲ ಇಂಗ್ಲಿಷ್.

ಇನ್ನು ಅಪ್ಪನ ಮಾತು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಪಿಯು ಉಪನ್ಯಾಸಕರಾಗಲು ಎಂ.ಎ., ಬಿ.ಎಡ್. ಎರಡೂ ಬೇಕು ಅಂತ ಅವರಿಗೆ ಹೇಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಡಿಗ್ರಿ ಕಾಲೇಜಿಗೆ ಎಂ.ಎ.ಯಲ್ಲಿ 55 ಪರ್ಸೆಂಟ್ (ಮೀಸಲಾತಿ ಇದ್ದರೆ 50), ಜೊತೆಗೆ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ನಮ್ಮ ರಾಜ್ಯದ್ದು). ನೆಟ್‌ನಲ್ಲಿ 150 ಪ್ರಶ್ನೆ, 300 ಅಂಕ, ಮೂರು ಗಂಟೆ, ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಯುಪಿಎಸ್‌ಸಿಯಲ್ಲಿ ಸಮಾಜಶಾಸ್ತ್ರ ಐಚ್ಛಿಕಕ್ಕೆ 500 ಅಂಕ. ಕನ್ನಡದಲ್ಲಿ ಉತ್ತರಿಸಬಹುದು, ಪ್ರಶ್ನೆ ಓದಲು ಮಾತ್ರ ಇಂಗ್ಲಿಷೋ ಹಿಂದಿಯೋ ಬರಬೇಕು. ಸರ್ಕಾರಿ ನೇಮಕಾತಿ ಯಾವಾಗ ಬರುತ್ತದೆ ಅಂತ ಮಾತ್ರ ನನ್ನನ್ನು ಕೇಳಬೇಡಿ! ಅದನ್ನೇ ನಂಬಿ ಕೂರಬೇಡಿ ಕೂಡ. ಎಂ.ಎ. ಮಾಡುವಾಗಲೇ ಸಮೀಕ್ಷೆ ಫಾರಂ ತಯಾರಿಸುವುದು, ಸಂದರ್ಶನ ಮಾಡುವುದು, ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವುದು, ಕನ್ನಡ-ಇಂಗ್ಲಿಷ್ ಎರಡರಲ್ಲೂ ವರದಿ ಬರೆಯುವುದು ಕಲಿಯಿರಿ. ಸಂಶೋಧನಾ ಸಂಸ್ಥೆ, ಎನ್‌ಜಿಒ ಪ್ರಾಜೆಕ್ಟ್‌ಗಳಲ್ಲಿ ಹಳ್ಳಿಯವರ ಹತ್ತಿರ ಕೂತು ಮಾತಾಡಿಸಬಲ್ಲವರು ಬೇಕೇಬೇಕು. ಅಲ್ಲಿ ನಿಮ್ಮ ಕನ್ನಡ ಮಾಧ್ಯಮವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಕೆಲಸ ಕಾಯಂ ಇರಲ್ಲ, ಅದನ್ನೂ ಅಪ್ಪನಿಗೆ ಮುಚ್ಚಿಡದೆ ಹೇಳಿ.

ಅರ್ಜಿ ಹಾಕುವ ಮೊದಲು ಒಂದು ವಾರ ಬೆಳಗ್ಗೆ ನಿಮ್ಮೂರಿನ ಡೇರಿ ಹತ್ತಿರ ನಿಲ್ಲಿ. ಕ್ಯಾನ್ ಹೊತ್ತು ತಂದವರು ಯಾರು, ಪಾಸ್‌ಬುಕ್ಕಿನಲ್ಲಿ ಹೆಸರು ಯಾರದು, ಯಾರು ಕಟ್ಟೆ ಮೇಲೆ ಕೂರುತ್ತಾರೆ, ಯಾರು ನಿಂತೇ ಇರುತ್ತಾರೆ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರನೇ ದಿನಕ್ಕೇ ಬೇಜಾರಾದರೆ ಅಪ್ಪ ಹೇಳಿದಂತೆ ನೇರ ಬಿ.ಎಡ್.ಗೆ ಸೇರಿ, ಅದೇನೂ ಕಡಿಮೆ ಅಲ್ಲ.