ನ್ಯಾಶ್‌ನನ್ನು ಹೊಗಳಿದ್ದು ಸಾಕು, ಆಡಲು ಬಿಡಿ

ನಮಸ್ಕಾರ,

ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೀವ್ ನ್ಯಾಶ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ನೀವು ಆತನ ಆಟವನ್ನು ಕೂತು ನೋಡಿದ್ದೀರಿ, ಬರೀ ಅಂಕಿಅಂಶ ಹುಡುಕಿ ಬರೆದಿಲ್ಲ ಅನ್ನುವುದು ಗೊತ್ತಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಪುಟದಲ್ಲೇ ನ್ಯಾಶ್ ‘ಮಾಂತ್ರಿಕ’, ‘ಅಂಗಳದ ಕವಿ’, ‘ದೈತ್ಯರ ನಡುವಿನ ವಾಮನ’. ಎರಡನೇ ಪುಟದಲ್ಲಿ ಮತ್ತೆ ‘ಮಾಂತ್ರಿಕ’. (ಆರು ಅಡಿ ಮೂರು ಇಂಚಿನ ಮನುಷ್ಯನನ್ನು ವಾಮನ ಅಂದರೆ ನಮ್ಮ ಓದುಗರು ನಗುತ್ತಾರೆ. ಸಿಟಿ ಬಸ್ಸಿನಲ್ಲಿ ಆತ ತಲೆ ಬಗ್ಗಿಸಿಯೇ ನಿಲ್ಲಬೇಕು.) ಎರಡು ಎಂವಿಪಿ (ಋತುವಿನ ಅತ್ಯಮೂಲ್ಯ ಆಟಗಾರ) ಪ್ರಶಸ್ತಿ, ಎಂಟು ಸಲ ಆಲ್‌ಸ್ಟಾರ್, 10,335 ಅಸಿಸ್ಟ್ (ಜೊತೆಗಾರ ಅಂಕ ಗಳಿಸುವಂತೆ ಕೊಟ್ಟ ಪಾಸ್), 2018ರಲ್ಲಿ ಹಾಲ್ ಆಫ್ ಫೇಮ್, ಎಲ್ಲವನ್ನೂ ತಾಳೆ ನೋಡಿದೆ, ಸರಿಯಾಗಿದೆ. ಆದರೆ ಇಡೀ ಲೇಖನ ಓದಿ ಮುಗಿಸಿದ ಮೇಲೂ ಚೆಂಡು ಕೈಗೆ ಬಂದಾಗ ನ್ಯಾಶ್ ಏನು ಮಾಡುತ್ತಿದ್ದ ಅನ್ನುವುದು ಕಣ್ಣಿಗೆ ಕಟ್ಟಲಿಲ್ಲ. ನೀವು ಆತನನ್ನು ಹೊಗಳಿದ್ದೀರಿ, ಆಡಿಸಿಲ್ಲ. ನನ್ನ ದೂರು ಇದೊಂದೇ. ಉಳಿದ ತಕರಾರುಗಳೆಲ್ಲ ಇದರಿಂದಲೇ ಹುಟ್ಟಿದವು.

ನಮ್ಮ ಓದುಗರಲ್ಲಿ ಹೆಚ್ಚಿನವರು ಬ್ಯಾಸ್ಕೆಟ್‌ಬಾಲ್ ಅನ್ನು ಶಾಲೆ, ಕಾಲೇಜಿನ ಅಂಗಳದಲ್ಲಿ ಮಾತ್ರ ನೋಡಿದವರು. ನ್ಯಾಶ್ ಆಡಿದ ಅಮೆರಿಕದ ಲೀಗ್ ಎನ್‌ಬಿಎಯ ಪಂದ್ಯ ನಡೆಯುವುದು ನಮ್ಮಲ್ಲಿ ಬೆಳಗಿನ ಜಾವ. ಅಷ್ಟು ಹೊತ್ತಿಗೆ ಎದ್ದು ನೋಡುವವರು ಕಡಿಮೆ. ‘ಪಿಕ್ ಅಂಡ್ ರೋಲ್‌ನಲ್ಲಿ ಆತನನ್ನು ಮೀರಿಸುವವರೇ ಇರಲಿಲ್ಲ’ ಎಂದು ನೀವು ಬರೆದು ಮುಂದೆ ಹೋಗಿದ್ದೀರಿ. ಓದುಗ ಅಲ್ಲೇ ನಿಂತುಬಿಟ್ಟ. ಪಿಕ್ ಅಂಡ್ ರೋಲ್ ಅಂದರೆ ಏನು? ನಾಲ್ಕು ಸಾಲು ಸಾಕು. ನ್ಯಾಶ್‌ನನ್ನು ಕಾಯುತ್ತಿರುವವನ ದಾರಿಗೆ ನ್ಯಾಶ್‌ನ ಜೊತೆಗಾರ ಅಮರೆ ಸ್ಟೌಡಮೈರ್ ಬಂದು ಗೋಡೆಯ ಹಾಗೆ ನಿಲ್ಲುತ್ತಾನೆ. ನ್ಯಾಶ್ ಆ ಗೋಡೆಯನ್ನು ಉಜ್ಜಿಕೊಂಡು ದಾಟುತ್ತಾನೆ, ಕಾಯುವವನು ಹಿಂದೆ ಉಳಿಯುತ್ತಾನೆ. ಅಷ್ಟರಲ್ಲಿ ಸ್ಟೌಡಮೈರ್ ತಿರುಗಿ ಬುಟ್ಟಿಯ ಕಡೆ ಓಡುತ್ತಾನೆ. ಈಗ ಅವನನ್ನು ಕಾಯುತ್ತಿದ್ದ ಎತ್ತರದ ಆಟಗಾರ ಯಾರನ್ನು ತಡೆಯಬೇಕು? ನ್ಯಾಶ್‌ನನ್ನು ತಡೆದರೆ ಚೆಂಡು ಸ್ಟೌಡಮೈರ್‌ಗೆ. ಸ್ಟೌಡಮೈರ್ ಜೊತೆ ಹೋದರೆ ನ್ಯಾಶ್ ಅಲ್ಲಿಂದಲೇ ಎಸೆಯುತ್ತಾನೆ. ಇಬ್ಬರನ್ನೂ ನಿಲ್ಲಿಸಲು ಮೂರನೆಯವನು ಓಡಿ ಬಂದರೆ ಮೂಲೆಯಲ್ಲಿ ಒಬ್ಬ ಖಾಲಿ ನಿಂತಿರುತ್ತಾನೆ, ಮೂರು ಅಂಕಕ್ಕೆ.

ಇದನ್ನು ಎಲ್ಲ ಗಾರ್ಡ್‌ಗಳೂ, ಅಂದರೆ ನ್ಯಾಶ್ ಹಾಗೆ ಚೆಂಡು ಮುನ್ನಡೆಸುವವರೆಲ್ಲ, ಆಡುತ್ತಾರೆ. ಹಾಗಾದರೆ ನ್ಯಾಶ್ ಯಾಕೆ ಬೇರೆ? ಉತ್ತರ ನಿಮ್ಮ ಲೇಖನದಲ್ಲೇ ಇದೆ, ಮೂರನೇ ಪುಟದ ಕೆಳಗೆ, ಅರ್ಧ ವಾಕ್ಯದಲ್ಲಿ: ‘ಬುಟ್ಟಿಯ ಕೆಳಗೆ ಹೋಗಿಯೂ ಡ್ರಿಬಲ್ ನಿಲ್ಲಿಸುತ್ತಿರಲಿಲ್ಲ.’ ಅಯ್ಯೋ, ಇದೇ ನಿಮ್ಮ ಲೇಖನ! ಬೇರೆ ಗಾರ್ಡ್‌ಗಳು ಅಷ್ಟು ಒಳಗೆ ನುಗ್ಗಿದ ಮೇಲೆ ಒಂದೋ ಎಸೆಯುತ್ತಾರೆ, ಇಲ್ಲವೇ ಚೆಂಡನ್ನು ಕೈಗೆತ್ತಿಕೊಂಡು ಯಾರಿಗಾದರೂ ಕೊಡುತ್ತಾರೆ. ಡ್ರಿಬಲ್, ಅಂದರೆ ಚೆಂಡು ಪುಟಿಸುವುದನ್ನು, ನಿಲ್ಲಿಸಿದ ಗಾರ್ಡ್‌ಗೆ ಮುಂದೆ ದಾರಿ ಇಲ್ಲ. ನ್ಯಾಶ್ ನಿಲ್ಲಿಸುತ್ತಲೇ ಇರಲಿಲ್ಲ. ಒಂದು ಬದಿಯಿಂದ ನುಗ್ಗಿ, ಬುಟ್ಟಿಯ ಅಡಿಯಲ್ಲಿ ಹಾದು, ಹಿಂದಿನ ಗೆರೆಯ ಉದ್ದಕ್ಕೂ ಹೋಗಿ, ಇನ್ನೊಂದು ಬದಿಯಿಂದ ಹೊರಗೆ ಬರುತ್ತಿದ್ದ. ಐದು ಎದುರಾಳಿಗಳ ತಲೆಯೂ ಅವನ ಜೊತೆಗೇ ತಿರುಗುತ್ತಿತ್ತು. ತಲೆ ತಿರುಗಿದ ಕ್ಷಣದಲ್ಲಿ ಅವರ ಬೆನ್ನ ಹಿಂದೆ ಯಾರೋ ಒಬ್ಬ ಜಾಗ ಬದಲಿಸಿರುತ್ತಿದ್ದ. ಚೆಂಡು ಅಲ್ಲಿಗೆ ಹೋಗುತ್ತಿತ್ತು. ಅದೂ ಎರಡೂ ಕೈ ಸೇರಿಸಿ ಹಿಡಿದು ಎಸೆಯುವ ಪಾಸ್ ಅಲ್ಲ. ಡ್ರಿಬಲ್ ಮಾಡುತ್ತಿದ್ದ ಕೈಯಿಂದಲೇ ನೇರವಾಗಿ. ಎಡಗೈ ಆದರೂ ಸರಿ, ಬಲಗೈ ಆದರೂ ಸರಿ.

ಈಗ ಫುಟ್‌ಬಾಲ್ ಹಿನ್ನೆಲೆಗೆ ಅರ್ಥ ಬರುತ್ತದೆ ನೋಡಿ. ಅಪ್ಪ ವೃತ್ತಿಪರ ಫುಟ್‌ಬಾಲ್ ಆಟಗಾರ, ತಮ್ಮನೂ ಕೆನಡಾ ತಂಡಕ್ಕೆ ಫುಟ್‌ಬಾಲ್ ಆಡಿದವನು, ನ್ಯಾಶ್ ಬ್ಯಾಸ್ಕೆಟ್‌ಬಾಲ್ ಹಿಡಿದದ್ದೇ ಹದಿಹರೆಯದ ಹೊಸ್ತಿಲಲ್ಲಿ. ನೀವು ಇದನ್ನು ‘ಬಾಲ್ಯ’ ಅನ್ನುವ ಪ್ಯಾರಾದಲ್ಲಿ ಕಟ್ಟಿಹಾಕಿದ್ದೀರಿ. ಅಲ್ಲಿ ಅದು ಬರೀ ಮಾಹಿತಿ. ಆ ಪಾಸ್‌ನ ಪಕ್ಕದಲ್ಲಿಟ್ಟರೆ ಕಾರಣವಾಗುತ್ತದೆ. ಓಡುವವನ ಕಾಲಿಗಲ್ಲ, ಅವನು ಹೋಗಿ ಮುಟ್ಟುವ ಜಾಗಕ್ಕೆ ಚೆಂಡು ಕಳಿಸುವುದು ಫುಟ್‌ಬಾಲಿನವರ ಅಭ್ಯಾಸ. ಅಂದ ಹಾಗೆ, ಆತ ಹುಟ್ಟಿದ್ದು ಕೆನಡಾದಲ್ಲಿ ಅಲ್ಲ. 1974ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿ, ಬೆಳೆದದ್ದು ಕೆನಡಾದ ವಿಕ್ಟೋರಿಯಾದಲ್ಲಿ. ಸರಿಪಡಿಸಿ.

2004ರ ಭಾಗ ಇನ್ನೂ ಚೆನ್ನಾಗಿ ಬರಬೇಕಿತ್ತು. ‘ಫೀನಿಕ್ಸ್‌ಗೆ ಮರಳಿದ, ಪವಾಡ ನಡೆಯಿತು’ ಅಂದಿದ್ದೀರಿ. ಪವಾಡ ಏನೂ ಅಲ್ಲ, ಕಾರಣಗಳಿವೆ. ಹಿಂದಿನ ಋತುವಿನಲ್ಲಿ ಫೀನಿಕ್ಸ್ ಸನ್ಸ್ ತಂಡ ಗೆದ್ದದ್ದು 29 ಪಂದ್ಯ, ಸೋತದ್ದು 53. ನ್ಯಾಶ್‌ಗೆ ಮೂವತ್ತು ತುಂಬಿತ್ತು, ಬೆನ್ನು ಸರಿ ಇರಲಿಲ್ಲ. ಅಲ್ಲಿಯವರೆಗೆ ಆತ ಆಡುತ್ತಿದ್ದ ಡಲ್ಲಾಸ್ ತಂಡದ ಆಗಿನ ಮಾಲೀಕ ಮಾರ್ಕ್ ಕ್ಯೂಬನ್ ಅಷ್ಟು ದೊಡ್ಡ ಒಪ್ಪಂದ ಕೊಡಲು ಹಿಂಜರಿದರು. ಫೀನಿಕ್ಸ್ ಕೊಟ್ಟಿತು. ಕೋಚ್ ಮೈಕ್ ಡಿ’ಆಂಟೋನಿ ಹೇಳಿದ್ದು ಸರಳ: ಒಂದು ದಾಳಿಗೆ 24 ಸೆಕೆಂಡ್ ಇದೆ ಅಂತ ಕಾಯಬೇಡಿ, ಎದುರಾಳಿ ಸಜ್ಜಾಗುವ ಮೊದಲೇ, ಏಳು ಸೆಕೆಂಡಿನೊಳಗೆ ಎಸೆದುಬಿಡಿ. ಅದೇ ವರ್ಷ ಲೀಗ್ ಇನ್ನೊಂದು ಕೆಲಸ ಮಾಡಿತು. ಗಾರ್ಡ್‌ನ ಮೈ ಮೇಲೆ ಕೈಯಿಟ್ಟು ತಡೆಯುವುದನ್ನು ರೆಫರಿಗಳು ಬಿಗಿಯಾಗಿ ಹಿಡಿಯತೊಡಗಿದರು. ತೋಳ್ಬಲಕ್ಕಿಂತ ಕಣ್ಣು, ಲಯ ನಂಬಿ ಆಡುವವನಿಗೆ ಬೇಕಾದದ್ದು ಅದೇ. ಆ ಋತುವಿನಲ್ಲಿ ಸನ್ಸ್ 62 ಗೆದ್ದು 20 ಸೋತಿತು. ಆಟಗಾರ, ಕೋಚ್, ನಿಯಮ ಮೂರೂ ಒಟ್ಟಿಗೆ ಕೂಡಿಬಂದವು. ಇದನ್ನು ಹೇಳಿದರೆ ನ್ಯಾಶ್ ಚಿಕ್ಕವನಾಗುವುದಿಲ್ಲ. ಓದುಗ ನಿಮ್ಮನ್ನು ಜಾಸ್ತಿ ನಂಬುತ್ತಾನೆ.

ನಂಬಿಕೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಆತನ ಡಿಫೆನ್ಸ್ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಪದವೂ ಇಲ್ಲ. ಬೇಕಂತಲೇ ಬಿಟ್ಟಿರಾ? ನ್ಯಾಶ್‌ಗೆ ಎದುರಾಳಿ ಗಾರ್ಡ್‌ಗಳನ್ನು ತಡೆಯಲು ಆಗುತ್ತಿರಲಿಲ್ಲ. ಸ್ಯಾನ್ ಆಂಟೋನಿಯೊದ ಟೋನಿ ಪಾರ್ಕರ್ ಅಂಥವರು ಬಂದರಂತೂ ಕಷ್ಟ. ನೋಡುವವರಿಗೆಲ್ಲ ಗೊತ್ತಿದ್ದ ವಿಷಯ ಇದು. ವಿಕ್ಟೋರಿಯಾದ ಶಾಲಾ ಕೋಚ್ ಅಮೆರಿಕದ ಮೂವತ್ತಕ್ಕೂ ಹೆಚ್ಚು ಕಾಲೇಜುಗಳಿಗೆ ಪತ್ರ ಬರೆದಾಗ ಆಸಕ್ತಿ ತೋರಿದ್ದು ಸಾಂಟಾ ಕ್ಲಾರಾ ಒಂದೇ. ಅಲ್ಲಿಂದ ನೋಡಲು ಬಂದ ಡಿಕ್ ಡೇವಿ ಕೂಡ, ಇಷ್ಟು ಕೆಟ್ಟದಾಗಿ ಡಿಫೆನ್ಸ್ ಆಡುವವನನ್ನು ನಾನು ನೋಡೇ ಇಲ್ಲ ಅಂತ ಆ ಹುಡುಗನ ಮುಖಕ್ಕೇ ಹೇಳಿ ಸ್ಕಾಲರ್‌ಶಿಪ್ ಕೊಟ್ಟರು. ಎಂಥ ಚೆಂದದ ಪ್ರಸಂಗ! ಪತ್ರಗಳ ಕಥೆ ಬರೆದು ಇದನ್ನು ಬಿಟ್ಟಿದ್ದೀರಿ. 2005ರಲ್ಲಿ ಶಕೀಲ್ ಓನೀಲ್‌ನನ್ನು, 2006ರಲ್ಲಿ ಪಂದ್ಯಕ್ಕೆ ಸರಾಸರಿ 35.4 ಅಂಕ ಹೊಡೆದ ಕೋಬಿ ಬ್ರಯಂಟ್‌ನನ್ನು ಹಿಂದೆ ಹಾಕಿ ಈತನಿಗೆ ಎಂವಿಪಿ ಕೊಟ್ಟದ್ದು ಸರಿಯೇ ಅಂತ ಇವತ್ತಿಗೂ ಜಗಳ ನಡೆಯುತ್ತದೆ. ನೀವು ಆ ಜಗಳಕ್ಕೆ ಇಳಿಯಬೇಕು. ನನ್ನ ಅಭಿಪ್ರಾಯ ಕೇಳಿದರೆ 2006ರದ್ದು ಸರಿ. ಮಂಡಿಯ ಶಸ್ತ್ರಚಿಕಿತ್ಸೆಯಿಂದಾಗಿ ಸ್ಟೌಡಮೈರ್ ಆ ವರ್ಷ ಹೆಚ್ಚುಕಡಿಮೆ ಆಡಲೇ ಇಲ್ಲ, ಆದರೂ ತಂಡ 54 ಪಂದ್ಯ ಗೆದ್ದಿತು. ನೀವು ಒಪ್ಪದಿದ್ದರೂ ಪರವಾಗಿಲ್ಲ, ವಾದ ಮಾಡಿ.

ಅಂಕಿಗಳ ಪಟ್ಟಿ ಹೋಗಲಿ, ಒಂದೇ ಅಂಕಿ ಹಿಡಿದುಕೊಳ್ಳಿ. ಫೀಲ್ಡ್ ಗೋಲ್ (ಆಟದ ನಡುವಿನ ಎಸೆತ) 50, ಮೂರಂಕದ ಎಸೆತ 40, ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ ಎಸೆತ) 90. ಒಂದೇ ಋತುವಿನಲ್ಲಿ ಈ ಮೂರೂ ಶೇಕಡಾವಾರು ಗುರಿ ಮುಟ್ಟುವುದು ಬಹಳ ಅಪರೂಪ. ನ್ಯಾಶ್ ನಾಲ್ಕು ಸಲ ಮುಟ್ಟಿದ. 2006–07ರಲ್ಲಿ ಫ್ರೀ ಥ್ರೋ 89.9ಕ್ಕೆ ನಿಂತು ತಪ್ಪಿಹೋಯಿತು, ಇಲ್ಲವಾದರೆ ಐದು. ಫ್ರೀ ಥ್ರೋ ಗೆರೆಯಲ್ಲಿ ರೆಫರಿ ಚೆಂಡು ಕೊಡುವ ಮೊದಲೇ ಖಾಲಿ ಕೈಯಲ್ಲಿ ಎಸೆದು ನೋಡಿಕೊಳ್ಳುತ್ತಿದ್ದ, ನೆನಪಿದೆಯಾ? 1993ರಲ್ಲಿ ಸಾಂಟಾ ಕ್ಲಾರಾ ಬಲಿಷ್ಠ ಅರಿಜೋನಾ ವಿಶ್ವವಿದ್ಯಾಲಯದ ತಂಡವನ್ನು ಮಣಿಸಿದ್ದು ಆತನ ಫ್ರೀ ಥ್ರೋಗಳಿಂದಲೇ, ಕೊನೆಯ ಗಳಿಗೆಯಲ್ಲಿ, ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗ. ಇವನ್ನೆಲ್ಲ ಒಂದೇ ಕಡೆ ತನ್ನಿ.

ಬೆನ್ನಿನ ವಿಷಯಕ್ಕೆ ನೀವು ಒಂದು ಸಾಲು ಕೊಟ್ಟಿದ್ದೀರಿ, ಕಡಿಮೆಯಾಯಿತು. ಬೆನ್ನುಮೂಳೆಯ ಒಂದು ಮಣಿ ಜಾರಿದ ತೊಂದರೆ ಅದು. ಬೆಂಚ್ ಮೇಲೆ ಕೂತರೆ ಬೆನ್ನು ಸೆಟೆದುಕೊಳ್ಳುತ್ತದೆ ಅಂತ ವಿಶ್ರಾಂತಿಯ ಹೊತ್ತಿನಲ್ಲಿ ಅಂಗಳದ ಅಂಚಿನಲ್ಲಿ ನೆಲದ ಮೇಲೇ ಅಂಗಾತ ಮಲಗುತ್ತಿದ್ದ. ಪಂದ್ಯ ನಡೆಯುತ್ತಿದೆ, ಲೀಗಿನ ಶ್ರೇಷ್ಠ ಆಟಗಾರ ನೆಲದ ಮೇಲೆ ಮಲಗಿದ್ದಾನೆ. ಇಂಥದ್ದನ್ನು ಬರೆಯಲು ವಿಶೇಷಣವೇ ಬೇಡ.

‘ಉಂಗುರ ಸಿಗದಿದ್ದರೂ ಹೃದಯ ಗೆದ್ದ’ ಅನ್ನುವ ಮುಕ್ತಾಯ ತೆಗೆದುಬಿಡಿ. ಆ ಉಂಗುರ ಸಿಗುವುದು ಚಾಂಪಿಯನ್ ತಂಡದವರಿಗೆ, ಚಾಂಪಿಯನ್ ಆಗದ ಆಟಗಾರರ ಬಗ್ಗೆಯೆಲ್ಲ ಹೀಗೇ ಬರೆಯುತ್ತಾರೆ. ಆ ಉಂಗುರ ಯಾಕೆ ತಪ್ಪಿತು ಅಂತ ಬರೆಯಿರಿ. 2007ರ ಮೇ ತಿಂಗಳು, ಸ್ಯಾನ್ ಆಂಟೋನಿಯೊ ವಿರುದ್ಧದ ನಾಕೌಟ್ ಸರಣಿಯ ನಾಲ್ಕನೇ ಪಂದ್ಯ. ಫೀನಿಕ್ಸ್ ಗೆದ್ದು ಸರಣಿ 2–2 ಆಗುವುದರಲ್ಲಿತ್ತು. ಕೊನೆಯ ಸೆಕೆಂಡುಗಳಲ್ಲಿ ಸ್ಯಾನ್ ಆಂಟೋನಿಯೊದ ರಾಬರ್ಟ್ ಹೋರಿ ಸೊಂಟದಿಂದ ಗುದ್ದಿ ನ್ಯಾಶ್‌ನನ್ನು ಸ್ಕೋರರ್ ಮೇಜಿನ ಮೇಲೆ ಕೆಡವಿದ. ಸ್ಟೌಡಮೈರ್ ಮತ್ತು ಬೋರಿಸ್ ಡಿಯಾ ಬೆಂಚಿನಿಂದ ಎದ್ದು ಕೆಲವು ಹೆಜ್ಜೆ ಮುಂದೆ ಬಂದರು. ಅಷ್ಟಕ್ಕೇ ನಿಯಮದ ಪ್ರಕಾರ ಇಬ್ಬರಿಗೂ ಒಂದು ಪಂದ್ಯದ ನಿಷೇಧ. ಹೋರಿಗೆ ಎರಡು ಪಂದ್ಯ ನಿಷೇಧವಾಯಿತು, ಆದರೆ ಆತ ತಂಡದ ಆಧಾರ ಆಗಿರಲಿಲ್ಲ. ಫೀನಿಕ್ಸ್ ಐದನೇ ಪಂದ್ಯವನ್ನು ಮೂರೇ ಅಂಕದಿಂದ ಸೋತಿತು, ಆರನೆಯದನ್ನೂ ಸೋತು ಮನೆಗೆ ಹೋಯಿತು. ಈಗ ನೀವು ಇದನ್ನು ‘ವಿಧಿಯಾಟ’ ಅಂತ ಮುಗಿಸಿದ್ದೀರಿ. ವಿಧಿಗೂ ಇದಕ್ಕೂ ಸಂಬಂಧ ಇಲ್ಲ. ನಿಯಮ, ಒಬ್ಬನ ಸೊಂಟ, ಇಬ್ಬರ ಕೋಪ, ಅಷ್ಟೇ.

ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡದ ವರ್ಷಗಳು ಒಂದು ಪ್ಯಾರಾದಲ್ಲಿ ಮುಗಿಯಲಿ. 2012ರಲ್ಲಿ ಸೇರಿದ, ಎರಡನೇ ಪಂದ್ಯದಲ್ಲೇ ಎದುರಾಳಿ ಡೇಮಿಯನ್ ಲಿಲ್ಲರ್ಡ್‌ಗೆ ಡಿಕ್ಕಿ ಹೊಡೆದು ಕಾಲಿನ ಮೂಳೆ ಬಿರುಕು ಬಿಟ್ಟಿತು, ಆಮೇಲೆ ದೇಹ ಮಾತು ಕೇಳಲಿಲ್ಲ, 2015ರ ಮಾರ್ಚ್‌ನಲ್ಲಿ ನಿವೃತ್ತಿ. ಬ್ರೂಕ್ಲಿನ್ ತಂಡದ ಕೋಚ್ ಆಗಿದ್ದ ಭಾಗವನ್ನು ಪೂರ್ತಿ ಬಿಡಿ. ಅದು ಬೇರೆಯದೇ ಕಥೆ, ಅಲ್ಲಿ ಆಟ ಇಲ್ಲ.

ಮುಂದಿನ ಕರಡಿಗೆ ಮೊದಲು ಒಂದು ಕೆಲಸ ಮಾಡಿ. ಆತನ ಯಾವುದಾದರೂ ಒಂದು ಪಂದ್ಯ ಹಾಕಿಕೊಂಡು, ಒಂದೇ ಒಂದು ದಾಳಿಯನ್ನು ಮತ್ತೆ ಮತ್ತೆ ನೋಡಿ. ನ್ಯಾಶ್ ಯಾರ ಕಡೆ ನೋಡಿದ, ಚೆಂಡು ಯಾರಿಗೆ ಹೋಯಿತು, ಮಧ್ಯೆ ಯಾರು ಮೋಸ ಹೋದರು ಅಂತ ಬರೆದುಕೊಳ್ಳಿ. ಆ ಪ್ಯಾರಾದಿಂದ ಲೇಖನ ಶುರುವಾಗಲಿ. ಜೋಹಾನ್ಸ್‌ಬರ್ಗ್, ವಿಕ್ಟೋರಿಯಾ ಎಲ್ಲ ಆಮೇಲೆ ಬರಲಿ. ಈಗಿರುವುದರ ಮುಕ್ಕಾಲು ಭಾಗದಷ್ಟು ಉದ್ದ ಸಾಕು. ಗಡುವು ಅಂತ ಏನೂ ಇಟ್ಟಿಲ್ಲ, ಬರೆದಾದ ಮೇಲೆ ನೇರ ನನಗೇ ಕಳಿಸಿ. ಇನ್ನೊಬ್ಬ ಗಾರ್ಡ್ ಅಲೆನ್ ಐವರ್ಸನ್ ಜೊತೆಗಿನ ಹೋಲಿಕೆಯನ್ನು ಮಾತ್ರ ಇದರಲ್ಲಿ ಸೇರಿಸಬೇಡಿ. ಅದನ್ನು ಬೇರೆ ಲೇಖನವಾಗಿ ಬರೆದರೆ ಅದನ್ನೂ ಓದುತ್ತೇನೆ.

ಇಂತಿ,
ಸಂಪಾದಕ