ದವಡೆ ಒಳಗೆ ರಕ್ತನಾಳದ ಗಡ್ಡೆ ಇರ್ಬೋದು ಅಂದಿದ್ದಾರೆ, ಹಲ್ಲು ಕೀಳಿಸ್ಬೋದಾ?

ಬೇಡ, ಈಗ್ಲೇ ದಯವಿಟ್ಟು ಕೀಳಿಸ್ಬೇಡಿ. ತಂಗಿಗೆ 14 ವರ್ಷ, ಕೆಳಗಿನ ದವಡೆ ಹಲ್ಲು ಅಲ್ಲಾಡ್ತಿದೆ, ಬೆಳಗ್ಗೆ ಎದ್ರೆ ದಿಂಬಿನ ಮೇಲೆ ರಕ್ತ, ಒಬ್ಬ ಡಾಕ್ಟರು ಎಕ್ಸ್‌ರೇ ನೋಡಿ ಸ್ಕ್ಯಾನ್ ಮಾಡ್ಸಿ ಅಂದ್ರೆ ಇನ್ನೊಬ್ರು ಐದು ನಿಮಿಷದ ಕೆಲಸ ಕಿತ್ತುಬಿಡೋಣ ಅಂತಿದ್ದಾರೆ ಅಂತ ಬರ್ದಿದೀರಿ. ಸ್ಕ್ಯಾನ್ ಅಂದವ್ರ ಮಾತು ಕೇಳಿ. ನಾನು ಬಾಯಿ-ದವಡೆ ಸರ್ಜನ್, ನಮ್ಮ ಕೆಲಸದಲ್ಲಿ ನಿಜಕ್ಕೂ ಹೆದರಿಕೆ ಹುಟ್ಸೋ ಕೇಸ್ ಅಂದ್ರೆ ಇದೇ.

ರಿಪೋರ್ಟಲ್ಲಿ ಹಿಮಾಂಜಿಯೋಮಾ (ರಕ್ತನಾಳದ ಗಡ್ಡೆ) ಅಂತಿರ್ಲಿ ಏವಿಎಂ (ರಕ್ತನಾಳಗಳು ತಪ್ಪಾಗಿ ಹೆಣೆದುಕೊಂಡಿರೋ ದೋಷ) ಅಂತಿರ್ಲಿ, ನೋಡ್ಬೇಕಾಗಿರೋದು ರಕ್ತದ ರಭಸ. ಏವಿಎಂ ಆದ್ರೆ ಅಪಧಮನಿ ನೇರ ಅಭಿಧಮನಿಗೆ ಸೇರ್ಕೊಂಡು ಮೂಳೆ ಒಳಗೇ ಜೋರಾಗಿ ರಕ್ತ ಓಡ್ತಿರುತ್ತೆ, ಅದರ ಮೇಲೆ ಹಲ್ಲು ಬಿರಡೆ ಹಾಕ್ದಂಗೆ ಕೂತಿರುತ್ತೆ, ಅದನ್ನ ತೆಗೆದ್ರೆ ಕ್ಲಿನಿಕ್ಕಲ್ಲಿ ಹತ್ತಿ ಒತ್ತಿ ನಿಲ್ಲಿಸೋ ರಕ್ತ ಅಲ್ಲ ಅದು, ಜೀವ ಹೋಗಿರೋ ಉದಾಹರಣೆಗಳಿವೆ. ಇಂಥ ಹಲ್ಲನ್ನ ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಒಳಗೆ ಇಳಿಯುತ್ತೆ, ಬೆರಳು ತೆಗೆದ ಕೂಡ್ಲೇ ತಾನಾಗೇ ಮೇಲೆ ಬರುತ್ತೆ, ಕೆಲವ್ರಿಗೆ ಒಸಡಲ್ಲಿ ನಾಡಿ ಬಡಿಯೋದೂ ಸಿಗುತ್ತೆ (ಮನೇಲಿ ಒತ್ತಿ ನೋಡೋಕೆ ಹೋಗ್ಬೇಡಿ). ಎಕ್ಸ್‌ರೇ ಒಂದನ್ನೇ ನಂಬೋ ಹಾಗಿಲ್ಲ, ಜೇನುಗೂಡಿನ ಥರದ ಅದೇ ನೆರಳು ಅಮೆಲೋಬ್ಲಾಸ್ಟೋಮಾ ಅನ್ನೋ ದವಡೆಯ ಇನ್ನೊಂದು ಗಡ್ಡೇಲೂ ಕಾಣುತ್ತೆ, ಹಾಗಂತ ಬಯಾಪ್ಸಿಗೆ (ಚೂರು ತೆಗೆದು ಪರೀಕ್ಷೆ ಮಾಡೋದಕ್ಕೆ) ಕೈ ಹಾಕೋದೂ ಅಪಾಯ.

ಮೊದ್ಲು ಸಿಟಿ ಆಂಜಿಯೋ, ಅಂದ್ರೆ ರಕ್ತನಾಳಗಳನ್ನ ತೋರ್ಸೋ ಸ್ಕ್ಯಾನ್ ಆಗ್ಲಿ. ಏವಿಎಂ ಅಂತ ಖಚಿತ ಆದ್ರೆ ಇಂಟರ್ವೆನ್ಷನಲ್ ರೇಡಿಯಾಲಜಿ (ಸ್ಕ್ಯಾನ್ ನೋಡ್ಕೊಂಡೇ ನಾಳದೊಳಗೆ ಚಿಕಿತ್ಸೆ ಮಾಡೋ ವಿಭಾಗ) ಇರೋ ದೊಡ್ಡ ಆಸ್ಪತ್ರೇಲಿ ತೊಡೆ ಸಂದಿಯಿಂದ ಸಣ್ಣ ಟ್ಯೂಬ್ ಹಾಕಿ, ದವಡೆಗೆ ಬರೋ ನಾಳಗಳ ತನಕ ಹೋಗಿ, ಅಂಟಿನಂಥ ಔಷಧಿ ಬಿಟ್ಟು ಮುಚ್ತಾರೆ, ಎಂಬೊಲೈಸೇಷನ್ ಅಂತಾರೆ ಅದಕ್ಕೆ. ಹಲ್ಲು ತೆಗೀಲೇಬೇಕು ಅಂತಾದ್ರೆ ಅದಾದ್ಮೇಲೆ ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ, ಪೂರ್ತಿ ಅರಿವಳಿಕೆ ಕೊಟ್ಟು, ಮ್ಯಾಚ್ ಮಾಡಿದ ರಕ್ತ ಪಕ್ಕದಲ್ಲಿಟ್ಕೊಂಡು ತೆಗೀತಾರೆ, ತಡ ಮಾಡಿದ್ರೆ ಅಕ್ಕಪಕ್ಕದಿಂದ ಹೊಸ ದಾರಿ ಮಾಡ್ಕೊಂಡು ರಕ್ತ ಮತ್ತೆ ನುಗ್ಗುತ್ತೆ. ಇದೇ ಕಾರಣಕ್ಕೆ ಕುತ್ತಿಗೆಯ ದೊಡ್ಡ ನಾಳಾನೇ ಕಟ್ಟಿಬಿಡೋಣ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ, ರಕ್ತ ಬೇರೆ ದಾರೀಲಿ ಬರುತ್ತೆ, ಟ್ಯೂಬ್ ಹೋಗೋ ದಾರಿ ಮಾತ್ರ ಮುಚ್ಚಿಹೋಗುತ್ತೆ.

ಅಲ್ಲೀವರೆಗೂ ಆ ಕಡೆ ಗಟ್ಟಿ ತಿಂಡಿ ಬೇಡ, ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು. ಜೋರಾಗಿ ರಕ್ತ ಬಂದ್ರೆ ಬಾಯಿ ಮುಕ್ಕಳಿಸ್ಬೇಡಿ, ಅವಳನ್ನ ನೆಟ್ಟಗೆ ಕೂರಿಸಿ, ಶುಭ್ರವಾದ ಬಟ್ಟೆ ದಪ್ಪಗೆ ಮಡಚಿ ಹಲ್ಲಿನ ಮೇಲಿಟ್ಟು ಬಿಗಿಯಾಗಿ ಕಚ್ಚಿಸಿ, ಹಲ್ಲು ಕಳಚಿ ಬಂದ್ರೆ ಅದೇ ಜಾಗಕ್ಕೆ ವಾಪಸ್ ಒತ್ತಿ ಕಚ್ಚಿಸಿ, 108ಕ್ಕೆ ಫೋನ್ ಮಾಡಿ.