ಅಮೃತಶಿಲೆಯ ಪುಡಿ ರೆಸಿನ್‌ನಲ್ಲಿ ಬಿಳುಪು ಕಳೆದುಕೊಳ್ಳುವುದೇಕೆ, ಮತ್ತು ಆ ಪುಡಿಗೆ ಗಿರಾಕಿ ಯಾರು

ನಿಮ್ಮ ಪ್ರಶ್ನೆ ಎರಡು. ಎಪಾಕ್ಸಿಗೆ, ಅಂದರೆ ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟಿನಂಥ ರೆಸಿನ್‌ಗೆ, ಅಮೃತಶಿಲೆಯ ಪುಡಿ ಬೆರೆಸಿ ಅಚ್ಚು ಹೊಯ್ದರೆ ಬಿಳಿಯ ಬದಲು ಕೊಳಕು ಮೇಣದ ಬಣ್ಣ ಬಂದದ್ದೇಕೆ? ಕಲ್ಲು ಕೊಯ್ಯುವಲ್ಲಿ ರಾಶಿ ಬೀಳುವ ಅದೇ ಪುಡಿಯನ್ನು ಕಾರ್ಖಾನೆಗಳಿಗೆ ಫಿಲ್ಲರ್ (ಪ್ಲಾಸ್ಟಿಕ್, ಕಾಗದದಂಥವಕ್ಕೆ ತುಂಬುವ ಪುಡಿ) ಎಂದು ಮಾರಬಹುದೇ?

ಬಣ್ಣದ ವಿಷಯದಲ್ಲಿ ನಿಮ್ಮ ತಪ್ಪೇನೂ ಇಲ್ಲ. ಒಣ ಪುಡಿ ಬೆಳ್ಳಗೆ ಕಾಣುವುದು ಕಣಗಳ ನಡುವಿನ ಗಾಳಿಯಿಂದ. ವಸ್ತುವಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬುದರ ಅಳತೆ ವಕ್ರೀಭವನ ಸೂಚ್ಯಂಕ. ಗಾಳಿಯದು 1, ಅಮೃತಶಿಲೆಯದು ಸುಮಾರು 1.6, ಈ ಅಂತರದಲ್ಲಿ ಬೆಳಕು ಚೆದುರುತ್ತದೆ. ಗಾಳಿಯಿದ್ದಲ್ಲಿ ರೆಸಿನ್ ತುಂಬಿಕೊಂಡರೆ, ಅದರದೂ 1.5ರ ಆಸುಪಾಸು. ಬೆಳಕಿಗೆ ಕಣ ಇರುವುದೇ ತಿಳಿಯದೆ ನೇರ ಹಾದುಹೋಗುತ್ತದೆ. ಬಿಳಿ ಬಣ್ಣಕ್ಕೆ ಬಳಸುವ ರೂಟೈಲ್ ಟೈಟಾನಿಯಂ ಡೈಆಕ್ಸೈಡ್‌ನದು 2.7. ಹಾಗಾಗಿ ಅದನ್ನು ಚೂರು ಹಾಕಿದರೂ ಬಿಳುಪು ಬರುತ್ತದೆ, ಉಳಿದ ಜಾಗವನ್ನು ನಿಮ್ಮ ಪುಡಿ ತುಂಬಲಿ.

ನಿಮ್ಮ ಪ್ರಶ್ನೆಗೆ ಉತ್ತರಿಸುತ್ತ ಒಬ್ಬರು ಫಿಲ್ಲರ್ ಎಂದರೆ ಕಲಬೆರಕೆ ಎಂದು ಬರೆದಿದ್ದಾರೆ. ಒಪ್ಪಲಾರೆ. ಖರ್ಚು ಉಳಿಸಲೆಂದು ಹಾಕುವುದುಂಟು, ನಿಜ. ಆದರೆ ಕಾರಿನ ಡ್ಯಾಶ್‌ಬೋರ್ಡಿನ ಪಾಲಿಪ್ರೊಪಿಲೀನ್‌ಗೆ ಟಾಲ್ಕ್, ಅಂದರೆ ಬಳಪದ ಕಲ್ಲಿನ ಪುಡಿ, ಬೆರೆಸುವುದು ಅದರ ತೆಳು ಹಾಳೆಯಂಥ ಕಣಗಳು ಪ್ಲಾಸ್ಟಿಕ್ಕನ್ನು ಬಿಗಿಯಾಗಿಸುತ್ತವೆ, ಬಿಸಿಗೆ ಸೊಟ್ಟಗಾಗದಂತೆ ತಡೆಯುತ್ತವೆ ಎಂದು. ವೊಲಾಸ್ಟೊನೈಟ್ ಎಂಬ ಖನಿಜದ ಕಣ ಸೂಜಿಯಂತಿರುತ್ತದೆ. ಕಲ್ನಾರು (ಆಸ್ಬೆಸ್ಟಾಸ್) ಬಿಟ್ಟ ಎಷ್ಟೋ ಕಡೆ ಅದು ಬಂದಿತು. ಬ್ಯಾರೈಟ್ ಎಂಬ ಖನಿಜದ ಸಾಂದ್ರತೆ 4.5 (ನೀರಿನದು 1), ಅದರ ದೊಡ್ಡ ಗಿರಾಕಿ ತೈಲಬಾವಿ ಕೊರೆಯುವವರು, ಕೊರೆಯುವ ಕೆಸರಿಗೆ ಭಾರ ಕೊಡಲು. ನನಗೆ ಎಲ್ಲಕ್ಕಿಂತ ಮೆಚ್ಚುಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. 200 ಡಿಗ್ರಿ ದಾಟಿದರೆ ತೂಕದ ಮೂರನೇ ಒಂದು ಪಾಲನ್ನು ನೀರಾವಿಯಾಗಿ ಬಿಡುತ್ತದೆ, ಬೆಂಕಿ ತಣಿಯುತ್ತದೆ. ಕೇಬಲ್ಲಿನ ಹೊದಿಕೆಗೆ ಅದನ್ನು ಹಾಕುವುದು ಇದಕ್ಕೇ. ಅಡುಗೆಕಟ್ಟೆಗೆ ಹಾಕುವ ಅಕ್ರಿಲಿಕ್ ಕೃತಕ ಕಲ್ಲಿನಲ್ಲೂ ಬಹುಪಾಲು ಇದೇ. ಇದರ ಸೂಚ್ಯಂಕವೂ ರೆಸಿನ್‌ನದಕ್ಕೆ ಹತ್ತಿರವಾದ್ದರಿಂದ ಕಲ್ಲಿಗೆ ಒಳಗಿನಿಂದ ಹೊಳಪು ಬಂದಂತಿರುತ್ತದೆ. ನಿಮಗೆ ದೋಷವಾಗಿ ಕಂಡದ್ದೇ ಅಲ್ಲಿ ಗುಣ.

ಬೆರೆಸುವ ಮುನ್ನ ಪುಡಿಯನ್ನು ಒಲೆಯಲ್ಲಿ ಒಣಗಿಸಿ, ತಣಿಸಿ. ನಾನೊಮ್ಮೆ ಈ ತಾಳ್ಮೆಯಿಲ್ಲದೆ ಪಾಲಿಯುರೆಥೇನ್ ರೆಸಿನ್‌ಗೆ ತೇವದ ಪುಡಿ ಸುರಿದೆ. ತೇವಕ್ಕೆ ಅನಿಲ ಹುಟ್ಟಿ ಲೋಟದಿಂದ ನೊರೆ ಉಕ್ಕಿ ಮೇಜಿಗಂಟಿತು, ಈಗಲೂ ಅಲ್ಲೇ ಇದೆ. ಎಪಾಕ್ಸಿಯಲ್ಲಿ ಮೊದಲು ರೆಸಿನ್ ಮತ್ತು ಹಾರ್ಡನರ್ ಸೇರಿಸಿ, ಆಮೇಲೆ ಪುಡಿಯನ್ನು ಮೂರು ನಾಲ್ಕು ಕಂತಿನಲ್ಲಿ ಹಾಕಿ. ಕಡ್ಡಿ ಎತ್ತಿದಾಗ ಮಿಶ್ರಣ ನಾಡಾದಂತೆ ಮಡಚಿಕೊಳ್ಳುತ್ತ ಇಳಿಯಬೇಕು. ಮುದ್ದೆಯಾಗಿ ಬಿದ್ದರೆ ಹೆಚ್ಚಾಯಿತು. ಪುಡಿ ನುಣುಪಾದಷ್ಟೂ ರೆಸಿನ್ ಹೆಚ್ಚು ಕುಡಿಯುತ್ತದೆ. ಸ್ಟಿಯರಿಕ್ ಎಂಬ ಕೊಬ್ಬಿನ ಆಮ್ಲ ಲೇಪಿಸಿದ ಪುಡಿ ಬೇಗ ಬೆರೆಯುತ್ತದೆ. ನೀರಿನ ಮೇಲೆ ಉದುರಿಸಿ ನೋಡಿ, ಲೇಪವಿದ್ದದ್ದು ತೇಲುತ್ತದೆ, ಇಲ್ಲದ್ದು ಮುಳುಗುತ್ತದೆ. ಮಾಸ್ಕ್ ಹಾಕದೆ ಜರಡಿ ಹಿಡಿಯಬೇಡಿ. ಕೊಯ್ದ ಪುಡಿಯಲ್ಲಿ ಬೆಣಚುಕಲ್ಲೂ ಇರಬಹುದು, ಅದರ ನುಣುಪು ದೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಎಂಬ ರೋಗ, ಅದು ಬಂದರೆ ಹೋಗುವುದಿಲ್ಲ.

ಇನ್ನು ಮಾರಾಟ. ಈ ವ್ಯಾಪಾರದಲ್ಲಿ ಕಲ್ಲಿಗೆ ಬೆಲೆ ಕಡಿಮೆ. ಅರೆಯುವುದಕ್ಕೆ, ಗಾತ್ರ ವಿಂಗಡಿಸುವುದಕ್ಕೆ, ಲೇಪಿಸುವುದಕ್ಕೆ, ಸಾಗಿಸುವುದಕ್ಕೆ ದುಡ್ಡು. ದೂರ ಹೋದಷ್ಟೂ ಲಾರಿ ಬಾಡಿಗೆ ಪುಡಿಯ ಬೆಲೆಯನ್ನೇ ನುಂಗುತ್ತದೆ. ದೊಡ್ಡ ಕಾಗದದ ಗಿರಣಿಗಳ ಪಕ್ಕದಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟ್ (ಅಮೃತಶಿಲೆಯೂ ಇದೇ ವಸ್ತು) ಘಟಕ ಕಟ್ಟಿ, ಗಿರಣಿಯ ಚಿಮಣಿಯ ಇಂಗಾಲದ ಡೈಆಕ್ಸೈಡನ್ನು ಸುಣ್ಣದ ನೀರಿಗೆ ಹಾಯಿಸಿ ಪುಡಿ ಮಾಡುವುದು ಅದಕ್ಕೇ. ಪ್ಲಾಸ್ಟಿಕ್‌ನವರ ಲೆಕ್ಕ ಇನ್ನೊಂದು: ಪಾಲಿಪ್ರೊಪಿಲೀನ್‌ನ ಸಾಂದ್ರತೆ 0.9, ಅಮೃತಶಿಲೆಯದು 2.7. ಒಂದು ಕಿಲೋ ಪ್ಲಾಸ್ಟಿಕ್ ತುಂಬುವ ಜಾಗಕ್ಕೆ ಮೂರು ಕಿಲೋ ಪುಡಿ ಬೇಕು. ಕಿಲೋ ಲೆಕ್ಕದಲ್ಲಿ ಕಾಣುವ ಅಗ್ಗ ಗಾತ್ರದ ಲೆಕ್ಕದಲ್ಲಿ ಕರಗುತ್ತದೆ.

ಕೊಳ್ಳುವವರು ಕೇಳುವುದು ಸರಾಸರಿ ಕಣದ ಗಾತ್ರ, ಅತಿ ದೊಡ್ಡ ಕಣದ ಗಾತ್ರ, ಬಿಳುಪು, ತೇವ. ಪ್ರತಿ ಲಾರಿಯಲ್ಲೂ ಇವು ಒಂದೇ ಇರಬೇಕು. ಗರಗಸದ ಪುಡಿಯಲ್ಲಿ ಇದೇ ಕಷ್ಟ: ಇವತ್ತು ಅಮೃತಶಿಲೆ, ನಾಳೆ ಗ್ರಾನೈಟ್. ಗ್ರಾನೈಟಿನ ಬೆಣಚಿನ ಗಡಸುತನ ಹತ್ತರ ಅಳತೆಯಲ್ಲಿ 7, ಅಮೃತಶಿಲೆಯದು 3. ಆ ಒಂದಿಷ್ಟು ಬೆಣಚು ಪ್ಲಾಸ್ಟಿಕ್ ಯಂತ್ರದ ತಿರುಪನ್ನು ಸವೆಸಿಬಿಡುತ್ತದೆ. ಆದ್ದರಿಂದ ಪ್ಲಾಸ್ಟಿಕ್, ಕಾಗದದವರ ಬಾಗಿಲು ತಟ್ಟಬೇಡಿ. ಗೋಡೆಯ ಪುಟ್ಟಿ, ಟೈಲ್ ಅಂಟು, ಸಿಮೆಂಟ್ ಇಟ್ಟಿಗೆ ಮಾಡುವವರು ಹತ್ತಿರದಲ್ಲಿದ್ದರೆ ಅಲ್ಲಿ ಕೇಳಿ ನೋಡಿ.

ಅದಕ್ಕೂ ಮೊದಲು ಒಂದು ಚಿಟಿಕೆ ಪುಡಿಯನ್ನು ಒಂದು ಲೋಟ ವಿನೆಗರ್‌ಗೆ ಹಾಕಿ ರಾತ್ರಿಯಿಡೀ ಬಿಡಿ, ನಡುನಡುವೆ ಕಲಕಿ. ಅಮೃತಶಿಲೆ ಗುಳ್ಳೆ ಬಿಟ್ಟು ಕರಗುತ್ತದೆ. ತಳದಲ್ಲಿ ಉಳಿದದ್ದನ್ನು ತೊಳೆದು, ಹಳೆಯ ಗಾಜಿನ ಚೂರುಗಳೆರಡರ ನಡುವೆ ಉಜ್ಜಿ. ಗೀರು ಬಿದ್ದರೆ ಪುಡಿಯಲ್ಲಿ ಬೆಣಚಿನಂಥ ಗಡಸು ಕಣ ಇದೆ ಎಂದರ್ಥ. ಗೀರು ಬಿತ್ತೇ, ಬಿದ್ದರೆ ಎಷ್ಟು, ಇಲ್ಲಿ ಚಿತ್ರ ಹಾಕಿ.